ಸಿಮೆಂಟ್ ಹಾಕದ ಕಲ್ಲು

ಕಲ್ಲಿನ ಮೇಲೆ ಅಕ್ಷರ ಕೊರೆಯುವ ಕೆಲಸಕ್ಕೆ ಹೊಸದಾಗಿ ಸೇರಿದವರು ನಮ್ಮ ಕುಷ್ಟಗಿಯ ಅಂಗಡಿಯಲ್ಲಿ ಈಗ ಮೂವರಿದ್ದಾರೆ. ಮೂವರಿಗೂ ಕಂಪ್ಯೂಟರ್ ಚೆನ್ನಾಗಿ ಬರುತ್ತದೆ. ಹೆಸರು ಟೈಪ್ ಮಾಡಿ, ಗುಂಡಿ ಒತ್ತಿ, ಚಹಾ ಕುಡಿದು ಬರುವಷ್ಟರಲ್ಲಿ ಕಲ್ಲಿನ ಮೇಲೆ ಅಕ್ಷರ ಮೂಡಿರುತ್ತದೆ. ಈ ಮುದುಕನಿಗೆ ಹೊಟ್ಟೆಕಿಚ್ಚು ಎಂದು ಅವರು ಬೆನ್ನ ಹಿಂದೆ ಮಾತಾಡಿಕೊಳ್ಳುವುದು ನನಗೆ ಗೊತ್ತು. ಇದೆ, ಸ್ವಲ್ಪ ಇದೆ. ಆದರೆ ಬರೆಯಲು ಕುಳಿತದ್ದು ಅದಕ್ಕಲ್ಲ. ಯಂತ್ರ ಅಕ್ಷರ ಕೊರೆಯುತ್ತದೆ, ಕೊರೆದ ಕಲ್ಲನ್ನು ಎಲ್ಲಿ ನಿಲ್ಲಿಸಬೇಕು ಎಂದು ಹೇಳುವುದಿಲ್ಲ. ಆ ವಿಷಯದಲ್ಲಿ ನಾನು ಒಮ್ಮೆ ಸರಿಯಾಗಿ ಎಡವಿದ್ದೇನೆ. ಅದನ್ನು ಈ ಮೂವರು ತಿಳಿದಿರಬೇಕು. ಯಾಕೆ ಎನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ.

ನನ್ನ ಹೆಸರು ಮೌನೇಶ. ನಮ್ಮದು ಬಡಿಗತನದ ಮನೆತನ. ನಾನೊಬ್ಬ ಮರ ಬಿಟ್ಟು ಕಲ್ಲಿಗೆ ಬಂದೆ. ಕಲಿಸಿದವರು ಖಾಸೀಂಸಾಬರು, ಎಲ್ಲರ ಬಾಯಲ್ಲೂ ಉಸ್ತಾದ್. ಮೊದಲ ಆರು ತಿಂಗಳು ಅವರು ನನ್ನ ಕೈಗೆ ಕಲ್ಲು ಕೊರೆಯುವ ಚಾಣವನ್ನೇ ಕೊಡಲಿಲ್ಲ. ಒಂದು ಬಕೆಟ್ ನೀರು, ಒಂದು ಅರಿವೆ ಕೊಟ್ಟರು. ಕಲ್ಲಿಗೆಲ್ಲ ನೀರು ಹಚ್ಚಬೇಕು, ಅದು ಆರುವುದನ್ನು ನೋಡುತ್ತ ಕೂಡಬೇಕು. ಎಲ್ಲ ಕಡೆ ಆರಿದ ಮೇಲೂ ಒಂದು ಗೆರೆ ಹಸಿಯಾಗಿ ಉಳಿದರೆ ಅಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆ ಎಂದರ್ಥ. ಅಂಥ ಕಲ್ಲಿಗೆ ಚಾಣ ಇಟ್ಟರೆ ಅರ್ಧ ಹೆಸರು ಕೊರೆಯುವಷ್ಟರಲ್ಲಿ ಎರಡು ಹೋಳಾಗುತ್ತದೆ. ನೀರು ಆರುವುದನ್ನು ನೋಡುವ ಕೆಲಸಕ್ಕೆ ನನ್ನ ಗೆಳೆಯರು ನಕ್ಕರು. ನನಗೂ ನಾಚಿಕೆಯಾಗಿತ್ತು.

ತಪ್ಪುಗಳೇನು ಕಡಿಮೆ ಮಾಡಿಲ್ಲ. ಒಂದು ಕಟ್ಟಡದ ಉದ್ಘಾಟನೆಗೆಂದು ನಾಲ್ಕು ದಿನ ಕುಳಿತು ದೊಡ್ಡವರೊಬ್ಬರ ಹೆಸರು ಕೊರೆದೆ. ಸಮಾರಂಭದ ಬೆಳಿಗ್ಗೆ ಅತಿಥಿಯೇ ಬದಲಾದರು. ನಾನು ತಲೆಯ ಮೇಲೆ ಕೈಹೊತ್ತು ಕುಳಿತಿದ್ದೆ. ಉಸ್ತಾದರು ಬಂದು ಕಲ್ಲನ್ನು ಸವರಿ, “ಕಲ್ಲ ಏನ ಮಾಡೈತಿ ಬೇಟಾ? ಅದು ಛಲೋ ಐತಿ. ಬೋರಲ ಹಾಕು,” ಎಂದರು. ಇವತ್ತು ನಮ್ಮ ಅಂಗಡಿಗೆ ಹತ್ತುವ ಮೊದಲ ಮೆಟ್ಟಿಲು ಅದೇ. ಹೆಸರು ಮಣ್ಣಿನ ಕಡೆಗಿದೆ.

ಉಸ್ತಾದರದು ಒಂದು ಕಟ್ಟುನಿಟ್ಟಿನ ಕ್ರಮವಿತ್ತು. ಸಮಾಧಿಯ ಕಲ್ಲು ನಿಲ್ಲಿಸಿದ ಮೇಲೆ, ಸತ್ತವರ ಮನೆಯವರು ಅದನ್ನು ಮೊದಲ ಸಲ ನೋಡುವಾಗ ಕೊರೆದವನು ಅಲ್ಲಿರಬೇಕು. ಹತ್ತು ಹೆಜ್ಜೆ ದೂರ ನಿಲ್ಲಬೇಕು, ಬಾಯಿ ತೆರೆಯಬಾರದು. “ಅವ್ರು ಏನ ನೋಡ್ತಾರ ನೋಡು. ಹೆಸರಿನ ಮ್ಯಾಲ ಕೈ ಆಡಿಸ್ತಾರೋ, ತಾರೀಖಿನ ಮ್ಯಾಲೋ. ಆಗ ತಿಳಿತೈತಿ ನೀ ಏನ ಕೊರದಿ ಅನ್ನೋದು,” ಎನ್ನುತ್ತಿದ್ದರು. ಈ ಕ್ರಮ ಇರದಿದ್ದರೆ ನನ್ನ ತಪ್ಪು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಗೆ ಬಿಳಿ ಅಂಗಿಯ ಹಿರಿಯರೊಬ್ಬರು ಬಂದರು. ಯಲಬುರ್ಗಾದ ಆಚೆಯ ಒಂದು ಹಳ್ಳಿಯವರು, ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಾಗಿದ್ದು ನಿವೃತ್ತರಾದವರು. ಹೆಸರು ದೇವದಾನಪ್ಪ. ಕಲ್ಲಿನ ಮೇಲೆ ಏನು ಬರಬೇಕು ಎನ್ನುವುದನ್ನು ಹಾಳೆಯ ಮೇಲೆ ಕಪ್ಪು ಹಲಗೆಯ ಅಕ್ಷರದಂತೆ ದುಂಡಗೆ ಬರೆದು ತಂದಿದ್ದರು. ಮಗಳ ಹೆಸರು ಕೃಪಾ, ಹುಟ್ಟಿದ ದಿನ, ಅದರ ಕೆಳಗೆ ‘ಮಲಗಿದ್ದು’ ಎಂದು ಇನ್ನೊಂದು ದಿನ.

“ಮಾಸ್ತರ, ಇಲ್ಲಿ ಮರಣ ಅಂತ ಬರಬೇಕಲ್ರಿ?” ಎಂದೆ.

“ಬ್ಯಾಡಪ್ಪ. ಮಲಗಿದ್ದು ಅಂತನ ಕೊರಿ.”

“ಯಾಕ್ರಿ?”

“ಮಲಗಿದವ್ರು ಏಳ್ತಾರ. ಅದಕ್ಕ.”

ಎಷ್ಟೋ ಜನರ ಹೆಸರು ಕೊರೆದಿದ್ದೇನೆ, ಹೀಗೆ ಸಹಜವಾಗಿ, ಬಸ್ಸು ಎಷ್ಟು ಗಂಟೆಗೆ ಎಂದು ಹೇಳುವ ಧಾಟಿಯಲ್ಲಿ ಯಾರೂ ಹೇಳಿರಲಿಲ್ಲ. ಮಾಸ್ತರರು ಮುಖ ತಿರುಗಿಸಿ ಮುಂದಿನದನ್ನು ಹೇಳಿದರು. ಕೃಪಾಳಿಗೆ ಎರಡೂ ಮೂತ್ರಪಿಂಡ ಹೋಗಿದ್ದವು. ವಾರಕ್ಕೆ ಎರಡು ಸಲ ರಕ್ತ ಶುದ್ಧಿ ಮಾಡಿಸಲು ಕೊಪ್ಪಳಕ್ಕೆ ಹೋಗಬೇಕಿತ್ತು. ತಾಯಿ ಸುವಾರ್ತಮ್ಮ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತ, ತೊಡೆಯ ಮೇಲೆ ಮಲಗಿಸಿಕೊಂಡು ವಾಪಸ್ ಬರುತ್ತ ವರ್ಷಗಳನ್ನೇ ಕಳೆದಿದ್ದರು. ಮಗಳು ಹೋದ ಮೇಲೆ ಆಕೆ ಮಾತು ಕಡಿಮೆ ಮಾಡಿದರು, ಪ್ರಾರ್ಥನೆಯ ಮನೆಗೆ ಹೋಗುವುದನ್ನು ಬಿಟ್ಟರು. ಅವರ ಸಭೆಯಲ್ಲಿ ಹಾಡು ಎತ್ತಿಕೊಡುತ್ತಿದ್ದವರೇ ಆಕೆ.

“ಮಣ್ಣ ಮಾಡಿದ ದಿನದಿಂದ ಆಕಿ ಬಾಯಾಗ ಒಂದ ಹಾಡ ಬಂದಿಲ್ಲಪ್ಪ,” ಎಂದರು ಮಾಸ್ತರರು. “ಈಸ್ಟರ್ ದಿನ ಹೊತ್ತು ಹುಟ್ಟೋಕಿಂತ ಮೊದಲ ನಮ್ಮ ಮಂದಿಯೆಲ್ಲ ಸಮಾಧಿ ಕಡೆ ಹೋಗ್ತೀವಿ. ಹೋದ ವರ್ಷ ಆಕಿ ಬರಲಿಲ್ಲ. ಕಲ್ಲ ನಿಂತೈತಿ ಅಂದ್ರ ನೋಡಾಕರ ಬರ್ತಾಳ ಅಂತ ನನಗೊಂದು ಆಸೆ. ಅಷ್ಟರಾಗ ನಿಲ್ಲಿಸಿಕೊಡು.”

ಆ ಕಲ್ಲಿಗೆ ನಾನು ಮನಸ್ಸಿಟ್ಟು ದುಡಿದೆ. ಕೆಂಪು ಕಲ್ಲು, ಮೂರು ಸಲ ನೀರು ಹಚ್ಚಿ ನೋಡಿ ಆರಿಸಿದ್ದು. ಆಗ ಅಂಗಡಿಯಲ್ಲಿ ಉಸುಕು ಊದುವ ಯಂತ್ರ ಬಂದಾಗಿತ್ತು. ರಬ್ಬರ್ ಹಾಳೆ ಅಂಟಿಸಿ ಅಕ್ಷರದ ಜಾಗ ಮಾತ್ರ ಕತ್ತರಿಸಿ ತೆಗೆದರೆ, ಉಸುಕು ಬಡಿದು ಕಲ್ಲು ತಗ್ಗಾಗುತ್ತದೆ. ಇದನ್ನು ಮಾತ್ರ ಕೈಯಲ್ಲೇ ಕೊರೆದೆ. ಕೈಯಿಂದ ಕೊರೆದ ಅಕ್ಷರದ ಒಳಗೆ ಓರೆ ಇರುತ್ತದೆ, ಮುಂಜಾನೆಯ ಬಿಸಿಲು ಅಡ್ಡ ಬಿದ್ದಾಗ ನೆರಳು ತುಂಬಿಕೊಂಡು ಎದ್ದು ಕಾಣುತ್ತದೆ. ಅವರು ನೋಡುವುದು ಮುಂಜಾನೆಯೇ ಅಲ್ಲವೇ ಎಂದು ಒಳಗೊಳಗೇ ಹಿಗ್ಗಿದ್ದೆ.

ಈಸ್ಟರ್‌ಗೆ ಮೂರು ದಿನ ಮೊದಲು, ಗುರುವಾರ, ಟೆಂಪೊದಲ್ಲಿ ಕಲ್ಲು ಹಾಕಿಕೊಂಡು ಹೋದೆ. ಮಾಸ್ತರರು ಕಣ್ಣಿನ ಆಪರೇಷನ್ನಿಗೆ ಗಂಗಾವತಿಗೆ ಹೋಗಿದ್ದರು. ಊರಿನವರೊಬ್ಬರು ಬೇಲಿಯ ಆಚೆಯಿಂದಲೇ ಇದೇ ಗುಂಡಿ ಎಂದು ಕೈ ತೋರಿಸಿ ಹೊಲಕ್ಕೆ ಹೋದರು. ಅಲ್ಲಿದ್ದವೆಲ್ಲ ಮಣ್ಣಿನ ದಿಬ್ಬಗಳು. ಕಟ್ಟಿಗೆಯ ಶಿಲುಬೆಗಳನ್ನು ಗೆದ್ದಲು ತಿಂದು ಮುಗಿಸಿತ್ತು. ದಿಬ್ಬ ಪೂರ್ವ ಪಶ್ಚಿಮವಾಗಿತ್ತು ಎನ್ನುವುದು ಸ್ಪಷ್ಟ. ಆದರೆ ತಲೆ ಯಾವ ಕಡೆ?

ಮುಸಲ್ಮಾನರದು ತಲೆ ಉತ್ತರಕ್ಕೆ, ಮುಖ ಪಶ್ಚಿಮಕ್ಕೆ. ಅದನ್ನು ಉಸ್ತಾದರು ಮೊದಲ ದಿನವೇ ಹೇಳಿದ್ದರು. ಲಿಂಗಾಯತರು ಕೂಡಿಸಿ ಹೂಳುತ್ತಾರೆ, ಆ ಪ್ರಶ್ನೆಯೇ ಇಲ್ಲ. ಕ್ರೈಸ್ತರದು ನನಗೆ ಅದೇ ಮೊದಲು. ಮಲಗುವಾಗ ಪೂರ್ವಕ್ಕೆ ತಲೆ ಹಾಕು ಎಂದು ನಮ್ಮವ್ವ ಚಿಕ್ಕಂದಿನಿಂದ ಗದರಿಸಿ ಕಲಿಸಿದ್ದಳು. ಇವರಂತೂ ಮಲಗಿದ್ದು ಎಂದೇ ಬರೆಸಿದ್ದಾರೆ. ಹಾಗಾದರೆ ತಲೆ ಪೂರ್ವಕ್ಕೇ ಎಂದು ಲೆಕ್ಕ ಹಾಕಿದೆ. ಯಾರನ್ನಾದರೂ ಕೇಳಬೇಕು ಎಂದು ಹೊಳೆಯಲೇ ಇಲ್ಲ. ದಿಬ್ಬದ ಪೂರ್ವದ ತುದಿಯಲ್ಲಿ ಗುಂಡಿ ತೋಡಿ, ಜಲ್ಲಿ ಬೆರೆತ ಗರಸು ತುಂಬಿ, ಸಿಮೆಂಟ್ ಹಾಕಿ ನಿಲ್ಲಿಸಿದೆ. ಹುಟ್ಟುವ ಸೂರ್ಯನ ಬೆಳಕು ಬೀಳಲಿ ಎಂದು ಅಕ್ಷರದ ಮುಖವನ್ನು ಪೂರ್ವಕ್ಕೇ ಇಟ್ಟೆ. ಹಾರೆ ಮತ್ತು ಉರುಳಿಸಲು ತಂದಿದ್ದ ಪೈಪುಗಳನ್ನು ಬೇಲಿಯ ಮೂಲೆಯಲ್ಲೇ ಬಿಟ್ಟು, ಭಾನುವಾರ ಬಂದಾಗ ಒಯ್ದರಾಯಿತು ಎಂದು ಮನೆಗೆ ಬಂದೆ.

ಭಾನುವಾರ ಬೆಳಗಿನ ಜಾವಕ್ಕೆ ಮೋಟಾರ್ ಸೈಕಲ್ ಮೇಲೆ ಅಲ್ಲಿಗೆ ಮುಟ್ಟಿದೆ. ನಾನು ನೋಡಿದ್ದ ಸ್ಮಶಾನಗಳಲ್ಲಿ ಅಷ್ಟು ಹೊತ್ತಿಗೆ ನಾಯಿಯೂ ಇರುವುದಿಲ್ಲ. ಇಲ್ಲಿ ಜಾತ್ರೆಗೆ ಹೊರಟವರಂತೆ ಜನ. ಹೊಸ ಬಟ್ಟೆ, ಮಲ್ಲಿಗೆ, ಕೈಯಲ್ಲಿ ಮೇಣದ ಬತ್ತಿ. ದಿಬ್ಬದಿಂದ ದಿಬ್ಬಕ್ಕೆ ಹೋಗಿ ಬತ್ತಿ ಹಚ್ಚುತ್ತ, ಎದುರಾದವರ ಕೈ ಹಿಡಿದು “ಯೇಸುಸ್ವಾಮಿ ಎದ್ದಾನ್ರಿ” ಎನ್ನುತ್ತಿದ್ದರು. ಆ ಕಡೆಯವರು “ಖರೇವಂದ್ರು ಎದ್ದಾನ್ರಿ” ಎನ್ನುತ್ತಿದ್ದರು. ಊರಿಗೆ ಹೋದ ಮಗ ಬಂದನಂತೆ ಎಂದು ಸುದ್ದಿ ಹೇಳುವ ಹಾಗೆ. ಇವರಿಗೇನು ಸತ್ತವರ ನಡುವೆ ಇಷ್ಟು ಸಂಭ್ರಮ ಎಂದು ಬೆರಗಾಗಿ, ಉಸ್ತಾದರ ನಿಯಮದಂತೆ ಹತ್ತು ಹೆಜ್ಜೆ ದೂರ ನಿಂತೆ.

ಮಾಸ್ತರರು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು, ಹೆಂಡತಿಯ ಕೈ ಹಿಡಿದು ಬಂದರು. ಸುವಾರ್ತಮ್ಮ ಬಂದಿದ್ದರು! ಸಣ್ಣ ಆಳು, ಹಳೆಯ ಸೀರೆ, ಒಣಗಿದ ಮುಖ. ಬತ್ತಿಯನ್ನು ಕಲ್ಲಿನ ಹತ್ತಿರ ಹಿಡಿದು ಮಗಳ ಹೆಸರಿನ ಮೇಲೆ ಬೆರಳಾಡಿಸಿದರು. ನನಗೆ ಜೀವ ಬಂದಂತಾಯಿತು. ಆಮೇಲೆ ಅವರ ಕೈ ನಿಂತಿತು. ಕಲ್ಲಿನ ಹಿಂದಕ್ಕೆ ಬಂದು ದಿಬ್ಬ ನೋಡಿದರು, ಮತ್ತೆ ಕಲ್ಲು ನೋಡಿದರು.

“ಈ ಕಲ್ಲ ನಿಲ್ಲಿಸಿದವ್ರು ಯಾರ್ರಿ?”

ಬಾಯಿ ತೆರೆಯಬಾರದು ಎನ್ನುವ ನಿಯಮವನ್ನು ನಾನು ಮುರಿದದ್ದು ಅದೊಂದೇ ಸಲ. “ನಾನ್ರಿ ಅವ್ವಾರ.”

“ನನ್ನ ಮಗಳ ಕಾಲಾಗ ಕಲ್ಲ ಇಟ್ಟೀರಲ್ರಿ ಯಪ್ಪಾ! ಆಕಿ ತಲಿ ಆ ಕಡೆ ಐತಿ. ಎದ್ದು ಕುಂತಳು ಅಂದ್ರ ಎದುರಿಗೆ ಏನ ಕಾಣತೈತಿ ಆಕಿಗೆ? ಕಲ್ಲಿನ ಬೆನ್ನ!”

ನನ್ನ ಕಿವಿ ಬಿಸಿಯಾಯಿತು. ಆಗ ಅವರ ಪಾದ್ರಿಗಳು, ಇನ್ನೂ ಚಿಕ್ಕ ವಯಸ್ಸಿನವರು, ನನಗೆ ಮೆಲ್ಲಗೆ ತಿಳಿಸಿ ಹೇಳಿದರು. ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಸ್ವಾಮಿ ಬರುವುದು ಸೂರ್ಯ ಹುಟ್ಟುವ ಕಡೆಯಿಂದ ಎಂದು ನಂಬಿಕೆ. ಆ ದಿನ ಎದ್ದು ಕುಳಿತವರು ಕಣ್ಣು ತೆರೆದ ಕೂಡಲೇ ಎದುರಿಗೆ ಅವನನ್ನು ಕಾಣಬೇಕು. ಅದಕ್ಕೇ ಹಾಗೆ ಮಲಗಿಸುವುದು. ನಾನು ಬರೀ ಒಂದು ಕಲ್ಲನ್ನು ತಪ್ಪು ಜಾಗದಲ್ಲಿ ಇಟ್ಟಿರಲಿಲ್ಲ, ಒಬ್ಬ ತಾಯಿ ಕಾಯುತ್ತಿದ್ದ ಬಾಗಿಲನ್ನೇ ಮುಚ್ಚಿಬಿಟ್ಟಿದ್ದೆ. ಆಕೆ ಕಷ್ಟಪಟ್ಟು ಇಲ್ಲಿಯವರೆಗೆ ಬಂದಿದ್ದಾರೆ, ಹೀಗೇ ತಿರುಗಿ ಹೋದರೆ ಮತ್ತೆ ಬರುವುದಿಲ್ಲ ಎನ್ನುವುದು ಮಾಸ್ತರರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ನಾಳೆ ಬಂದು ಸರಿ ಮಾಡ್ತೀನ್ರಿ,” ಎಂದೆ.

“ನಾಳೆ ಯಾಕ? ಈಗ ಮಾಡ್ರಿ. ಹೊತ್ತು ಹುಟ್ಟೋದರಾಗ,” ಎಂದರು ಸುವಾರ್ತಮ್ಮ.

ಬೇಲಿಯ ಮೂಲೆಯಿಂದ ಹಾರೆ ತಂದೆ. ಮೂರು ದಿನದ ಸಿಮೆಂಟ್ ಇನ್ನೂ ಪೂರ್ತಿ ಬಲಿತಿರಲಿಲ್ಲ, ಬುಡಕ್ಕೆ ಹಾರೆ ಹಾಕಿ ಮೀಟಿದಾಗ ಹೆಂಟೆ ಸಮೇತ ಸಡಿಲವಾಯಿತು. ಆರು ಮಂದಿ ಹೊಸ ಅಂಗಿಯ ತೋಳು ಏರಿಸಿ ಕೈ ಹಚ್ಚಿದರು. ಕಲ್ಲನ್ನು ಮೆಲ್ಲಗೆ ಮಲಗಿಸಿ, ಕೆಳಗೆ ಪೈಪು ಕೊಟ್ಟು ದಿಬ್ಬದ ಪಕ್ಕದಲ್ಲೇ ಉರುಳಿಸುತ್ತ ಹೊರಟೆವು. ಅಷ್ಟರಲ್ಲಿ ಪಾದ್ರಿಗಳು, ಹೊತ್ತಾಯಿತೆಂದು, ಆ ದಿನ ಓದಲೇಬೇಕಾದ ಕಥೆಯನ್ನು ಓದತೊಡಗಿದರು. ಯೇಸುವನ್ನು ಒಂದು ಗವಿಯೊಳಗೆ ಇಟ್ಟು ಬಾಯಿಗೆ ದೊಡ್ಡ ಕಲ್ಲು ಮುಚ್ಚಿದ್ದರಂತೆ. ಮೂರನೆಯ ದಿನ ಮುಂಜಾನೆ ಕೆಲವು ಹೆಂಗಸರು ಸುಗಂಧದ್ರವ್ಯ ತೆಗೆದುಕೊಂಡು ಹೊರಟರಂತೆ. ದಾರಿಯುದ್ದಕ್ಕೂ ಅವರಿಗೆ ಒಂದೇ ಚಿಂತೆ, ಆ ಕಲ್ಲನ್ನು ನಮಗೆ ಯಾರು ಉರುಳಿಸಿಕೊಡುತ್ತಾರೆ ಎಂದು.

ಯಾರೋ ಕಿಸಕ್ಕೆಂದರು. ಪಾದ್ರಿಗಳು ತಲೆಯೆತ್ತಿ ನಮ್ಮನ್ನು ನೋಡಿದರು. ನಾವು ಏಳೂ ಮಂದಿ ಕಲ್ಲಿನ ಸುತ್ತ ಬಗ್ಗಿ ಏದುಸಿರು ಬಿಡುತ್ತಿದ್ದೆವು. ನನಗೋ, ಕಲ್ಲಿನ ಮಾತು ಬಂತೆಂದರೆ ತಡೆಯಲಾಗುವುದಿಲ್ಲ.

“ಆ ಕಲ್ಲ ಎಷ್ಟ ದೊಡ್ಡದಿತ್ತರಿ ಅಯ್ಯನವರ? ಕಡೀಕ ಯಾರು ಉರುಳಿಸಿದ್ರು?”

“ಒಬ್ಬ ದೇವದೂತ.”

“ಒಬ್ಬನ? ಕೈಯಾಗ ಹಾರಿ ಇಲ್ದ?”

ಮೊದಲು ನಕ್ಕವರು ಸುವಾರ್ತಮ್ಮ. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂದು, ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯದ ಹಾಗೆ ಅಲ್ಲೇ ಕುಳಿತುಬಿಟ್ಟರು. ಅವರನ್ನು ನೋಡಿ ಎಲ್ಲರೂ ನಕ್ಕರು. ನಾವು ಕಲ್ಲನ್ನು ಪಶ್ಚಿಮದ ತುದಿಯಲ್ಲಿ ಎತ್ತಿ ನಿಲ್ಲಿಸಿ ಬುಡಕ್ಕೆ ಗರಸು ಬಡಿಯುತ್ತಿದ್ದಾಗ ಸೂರ್ಯ ಹುಟ್ಟಿದ. ಬೆಳಕು ದಿಬ್ಬದ ಮೇಲೆ ಹಾದು ನೇರವಾಗಿ ಅಕ್ಷರಗಳ ಮೇಲೆ ಬಿತ್ತು. ಆಗ ಸುವಾರ್ತಮ್ಮ ಕುಳಿತಲ್ಲಿಂದಲೇ ಹಾಡು ಎತ್ತಿದರು. ಬಳಸದೆ ತುಕ್ಕು ಹಿಡಿದ ದನಿ, ಎರಡು ಸಾಲಿಗೆ ಒಡೆಯಿತು. ಮೂರನೆಯ ಸಾಲಿಗೆ ಉಳಿದವರೆಲ್ಲ ಸೇರಿಕೊಂಡರು. ಮಾಸ್ತರರು ಪಟ್ಟಿ ಕಟ್ಟಿದ ಕಣ್ಣನ್ನೇ ಒರೆಸಿಕೊಳ್ಳುತ್ತಿದ್ದರು. ನನಗೆ ಆ ಹಾಡು ಗೊತ್ತಿರಲಿಲ್ಲ, ಅದರ ತಾಳಕ್ಕೆ ಗರಸು ಬಡಿಯುತ್ತ ಹೋದೆ.

ಅವರ ಮನೆಯಲ್ಲೇ ಚಹಾ ಆಯಿತು. ಮರುದಿನ ಬಂದು ಸಿಮೆಂಟ್ ಹಾಕುತ್ತೇನೆ ಎಂದೆ.

“ಸಿಮೆಂಟ್ ಬ್ಯಾಡ್ರಿ,” ಎಂದರು ಸುವಾರ್ತಮ್ಮ. “ಏಳೋ ದಿನಕ್ಕ ಸಡ್ಲ ಇದ್ರ ಛಲೋ.”

“ಎರಿ ಮಣ್ಣರಿ ಅವ್ವಾರ. ಒಂದ ಮಳಿಗಾಲ ಕಳದ್ರ ಕಲ್ಲ ವಾಲತೈತಿ.”

“ವಾಲಿದ್ರ ನೀವು ಬಂದು ನೆಟ್ಟಗ ಮಾಡ್ರಿ. ವರ್ಷಕ್ಕೊಮ್ಮೆ ನಿಮ್ಮ ತಪ್ಪು ನಿಮಗ ನೆನಪಾಗ್ಲಿ. ಮತ್ತ ಕೆಳಗ ಅರ್ಧ ಕಲ್ಲ ಖಾಲಿ ಐತಲ್ಲ, ಹಂಗ ಇರ್ಲಿ. ಅದು ನನಗ.”

ಹಾಗೆ ನಾನು ಪ್ರತಿ ವರ್ಷ ಈಸ್ಟರಿನ ಹಿಂದಿನ ದಿನ ಹಾರೆ ಹಿಡಿದುಕೊಂಡು ಅಲ್ಲಿಗೆ ಹೋಗತೊಡಗಿದೆ. ಒಂದು ವರ್ಷ ಬಲಕ್ಕೆ, ಇನ್ನೊಂದು ವರ್ಷ ಮುಂದಕ್ಕೆ, ಕಲ್ಲು ವಾಲಿಯೇ ಇರುತ್ತಿತ್ತು. ನೆಟ್ಟಗೆ ಮಾಡುವುದು ಅರ್ಧ ಗಂಟೆಯ ಕೆಲಸ. ಉಳಿದ ಹೊತ್ತೆಲ್ಲ ನನ್ನ ಪ್ರಶ್ನೆಗಳು. ಮಣ್ಣಾಗಿ ಹೋದ ಮೈ ಹೇಗೆ ಏಳುತ್ತದೆ? ಸುಟ್ಟವರ ಗತಿ ಏನು? ಕುಳಿತೇ ಸಮಾಧಿಯಾದವರು? ಆಕೆ ಬೇಸರಪಡದೆ, “ಎಲ್ಲಾ ನನಗ ಗೊತ್ತಿದ್ರ ನಾ ಯಾಕ ಇಲ್ಲಿ ರೊಟ್ಟಿ ಬಡೀತಿದ್ದೆ,” ಎನ್ನುತ್ತಿದ್ದರು. ಕುಳಿತವರ ಬಗ್ಗೆ ಮಾತ್ರ ಸ್ವಲ್ಪ ಯೋಚಿಸಿ, “ಅವ್ರು ನಮಗಿಂತ ಲಗೂನ ಏಳ್ತಾರ ಬಿಡ್ರಿ, ಅರ್ಧ ಎದ್ದ ಕುಂತಾರಲ್ಲ,” ಎಂದು ನಕ್ಕರು.

ಒಂದು ವರ್ಷ ಧೈರ್ಯ ಮಾಡಿ ಕೇಳಿದೆ. “ಅವ್ವಾರ, ದುಃಖ ಹೋತೇನ್ರಿ?”

ಅವರು ರೊಟ್ಟಿ ತಿರುವಿ ಹಾಕಿದರು. “ಎಲ್ಲಿ ಹೋಗತೈತ್ರಿ ಅದು? ಆದ್ರ ಅಳು ಬ್ಯಾರೆ ಆಗೈತಿ. ಮೊದಲ ಎಲ್ಲಾ ಮುಗೀತು ಅಂತ ಅಳತಿದ್ದೆ. ಈಗ ತಡಾ ಆತಲ್ಲ ಅಂತ ಅಳತೀನಿ. ಕೃಪಾನ ಕರಕೊಂಡು ಕೊಪ್ಪಳದ ಬಸ್ಸಿಗೆ ಎಷ್ಟ ಕಾದೀನ್ರಿ. ತಡಾ ಆದ್ರ ಸಿಟ್ಟ ಬರ್ತಿತ್ತು, ಕಾಲ ನೋಯ್ತಿದ್ವು. ಆದ್ರ ಬಸ್ ಬರೂದಿಲ್ಲ ಅಂತ ಒಂದ ದಿನಾನೂ ಅನಿಸಿದ್ದಿಲ್ಲ.”

ಉಸ್ತಾದರು ತೀರಿಕೊಂಡ ವರ್ಷ ನಾನು ಕುಗ್ಗಿ ಹೋಗಿದ್ದೆ. ಜೀವನವಿಡೀ ಊರಿನ ಹೆಸರುಗಳನ್ನೆಲ್ಲ ಕೊರೆದವರು, ತನ್ನ ಮೇಲೆ ಮಾತ್ರ ಕಲ್ಲು ಬೇಡ, ಬರೀ ಮಣ್ಣು ಸಾಕು ಎಂದು ಹೇಳಿ ಹೋದರು. ನನ್ನ ಕೈಗೆ ಮಾಡಲು ಏನೂ ಉಳಿಯಲಿಲ್ಲ. ಆ ವರ್ಷ ಸುವಾರ್ತಮ್ಮನವರ ಮುಂದೆ ಕುಳಿತು, ನಮ್ಮ ಉಸ್ತಾದರೂ ಏಳುತ್ತಾರೇನ್ರಿ ಎಂದು ಕೇಳಿದೆ. “ಅದನ್ನ ಎಬ್ಬಿಸಾಂವಗ ಕೇಳ್ರಿ,” ಎಂದರು. ಆಮೇಲೆ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, “ಕಲ್ಲ ಇಲ್ಲಲ್ಲ ಅವ್ರ ಮ್ಯಾಲ, ಹಗೂರ ಏಳ್ತಾರ,” ಎಂದರು. ಅವರ ನಂಬಿಕೆ ನನ್ನದಲ್ಲ. ನನ್ನದು ಏನು ಎನ್ನುವುದೂ ನನಗೆ ಸರಿಯಾಗಿ ಗೊತ್ತಿಲ್ಲ. ಆದರೆ ಆ ರಾತ್ರಿ ನಿದ್ದೆ ಬಂತು.

ಕಂಪ್ಯೂಟರ್ ಯಂತ್ರ ಬಂದಿತು. ಕಲ್ಲಿನ ಧೂಳು ಕುಡಿದು ಕುಡಿದು ನನಗೆ ಕೆಮ್ಮು ಹತ್ತಿತು, ಬೆರಳುಗಳು ಜೋಮು ಹಿಡಿದವು. ಅಳಿಯನಿಗೆ ಅಂಗಡಿ ಬಿಟ್ಟುಕೊಟ್ಟು ಎರಡು ವರ್ಷವಾಯಿತು. ನೀವು ಮೂವರು ಸೇರಿದ್ದು ಆಮೇಲೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ದಿನಾ ಗೊಣಗುವುದು ನಿಮ್ಮ ಮೇಲಿನ ಸಿಟ್ಟಿಗಲ್ಲ.

ಈ ಸಲ ಚಳಿ ಮುಗಿಯುವ ಹೊತ್ತಿಗೆ ಮಾಸ್ತರರ ಫೋನ್ ಬಂತು. “ಮೌನೇಶಪ್ಪ, ಆಕಿ ಮಲಗಿದಳು,” ಎಂದರು. ಖಾಲಿ ಬಿಟ್ಟ ಅರ್ಧ ಕಲ್ಲಿಗೆ ಸುವಾರ್ತಮ್ಮನವರ ಹೆಸರು ಬರಬೇಕಿತ್ತು. ನಿಂತ ಕಲ್ಲನ್ನು ಕಿತ್ತು ಯಂತ್ರಕ್ಕೆ ತರುವುದು ಬೇಡ ಎಂದೆ, ಹಳೆಯ ಚಾಣ ಸಾಣೆ ಹಿಡಿದು ಹೊರಟೆ. ಅಳಿಯ ಒಂದು ಚೀಲ ಸಿಮೆಂಟ್ ಟೆಂಪೊಗೆ ಹಾಕಿದ. “ಇನ್ನರ ಗಟ್ಟಿ ಮಾಡಿ ಬರ್ರಿ ಮಾವಾರ. ವರ್ಷಾ ವರ್ಷಾ ಹೋಗೋ ವಯಸ್ಸೇನ್ರಿ ಇದು,” ಎಂದ.

ಮೊದಲು ಒಂದೇ ದಿನದ ಕೆಲಸವಾಗಿದ್ದದ್ದು ಮೂರು ದಿನ ಹಿಡಿಯಿತು. ನಾಲ್ಕು ಪೆಟ್ಟು ಹಾಕುವುದು, ಉಸಿರಿಗಾಗಿ ಕೂಡುವುದು. ಈಗ ಕಲ್ಲಿನ ಮುಂದೆ ಎರಡು ದಿಬ್ಬಗಳಿವೆ, ಒಂದು ಹುಲ್ಲು ಬೆಳೆದದ್ದು, ಒಂದು ಹಸಿಯದು. ಚಾಣ ಇಡುವ ಮೊದಲೇ ಮಾಸ್ತರರನ್ನು ಕೇಳಿದೆ, “ತಲಿ ಯಾವ ಕಡೆ ಐತ್ರಿ?” ಮಾಸ್ತರರು ಅಷ್ಟು ದುಃಖದಲ್ಲೂ ನಕ್ಕರು. “ಇಷ್ಟ ವರ್ಷಕ್ಕ ಕೇಳಿದಿ ನೋಡು,” ಎಂದರು.

ಈಸ್ಟರಿನ ಹಿಂದಿನ ದಿನ ಸಂಜೆ ಕೆಲಸ ಮುಗಿಯಿತು. ಕಣ್ಣು ಸರಿಯಾಗಿ ಕಾಣದ ಮಾಸ್ತರರು ಬೆರಳಿನಿಂದಲೇ ಓದಿದರು. ಮಗಳ ಹೆಸರು, ಮಲಗಿದ್ದು. ಹೆಂಡತಿಯ ಹೆಸರು, ಮಲಗಿದ್ದು. ಹತ್ತು ಹೆಜ್ಜೆ ದೂರ ನಿಂತು ನೋಡಿದೆ. ಅವರ ಬೆರಳು ತಾರೀಖಿನ ಮೇಲೆ ನಿಲ್ಲಲಿಲ್ಲ. ಆಮೇಲೆ ಅವರು ಟೆಂಪೊ ಕಡೆ ಮುಖ ಮಾಡಿ, “ಸಿಮೆಂಟ್ ತಂದೀಯಂತ. ಹಾಕಿ ಬಿಡಪ್ಪ. ನಿನಗೂ ಆಗೂದಿಲ್ಲ, ನನಗೂ ಆಗೂದಿಲ್ಲ. ಇನ್ನ ಯಾರು ಬರ್ತಾರ?” ಎಂದರು.

ಚೀಲ ಇಳಿಸಿದೆ. ಬಾಯಿ ಬಿಚ್ಚಲೆಂದು ಬಗ್ಗಿದೆ. ಮತ್ತೆ ಟೆಂಪೊಗೆ ಏರಿಸಿದೆ. ಹಾರೆ ತಂದು ಬುಡಕ್ಕೆ ಗರಸನ್ನೇ ಬಡಿದೆ. ಮರುದಿನ ಬೆಳಗಿನ ಜಾವ ಜನ ಬತ್ತಿ ಹಿಡಿದು ಬಂದಾಗ ಹಾಡು ಎತ್ತಿದವರು ಮಾಸ್ತರರು. ರಾಗ ಸಂಪೂರ್ಣ ತಪ್ಪಿತ್ತು, ದನಿ ಮಾತ್ರ ಒಡೆಯಲಿಲ್ಲ.

ಹುಡುಗರೇ, ಇಷ್ಟುದ್ದ ಬರೆದದ್ದು ಇದಕ್ಕೆ. ಯಲಬುರ್ಗಾದ ಆಚೆ, ಎರೆ ಮಣ್ಣಿನಲ್ಲಿ, ನಮ್ಮ ಅಂಗಡಿಯ ಒಂದು ಕಲ್ಲು ಸಿಮೆಂಟ್ ಇಲ್ಲದೆ ನಿಂತಿದೆ. ಬರುವ ಮಳೆಗಾಲಕ್ಕೆ ಅದು ವಾಲುತ್ತದೆ. ಹಾರೆ ಬಾಗಿಲ ಹಿಂದಿದೆ, ಪೈಪುಗಳು ಅಟ್ಟದ ಮೇಲಿವೆ. ಈಸ್ಟರಿನ ಹಿಂದಿನ ದಿನ ಹೋಗಿ ನೆಟ್ಟಗೆ ಮಾಡಿ ಬನ್ನಿ. ತಲೆ ಪಶ್ಚಿಮಕ್ಕಿದೆ.